ಪಗಡೆ ಹಾಸಿನ ಮೇಲೆ ಬಿದ್ದ ಗದೆ

ಸುಳ್ಳು ಅನ್ನೋರು ಈಗಲೇ ಎದ್ದು ಹೋಗಲಿ, ನಾನೇನೂ ಕೈ ಹಿಡಿದು ಕೂರಿಸುವುದಿಲ್ಲ. ಈ ಕತೆಯನ್ನು ನನ್ನ ಹಾಗೆ ಹೇಳುವ ಗಂಡು ಸುತ್ತ ಏಳು ಹಳ್ಳಿಯಲ್ಲಿಲ್ಲ.

ಬಹಳ ಹಿಂದೆ ದಾಳಗಿರಿ ಎಂಬ ರಾಜ್ಯದಲ್ಲಿ ಹೊಲದಷ್ಟು ದೊಡ್ಡ ಪಗಡೆ ಹಾಸಿತ್ತು. ಯುದ್ಧವೆಲ್ಲ ಅದರ ಮೇಲೇ. ಏನು ಮಾಡುತ್ತೇನೆಂದು ಮೊದಲು ಹೇಳಬೇಕು, ಆಮೇಲೆ ದಾಳ ಬಿಡಬೇಕು. ‘ಆಯುಧ ಬೀಳಿಸುತ್ತೇನೆ’ ಎಂದು ಸೋತರೆ ಎದುರಾಳಿಗೆ ಒಂದು ಪುಕ್ಕಟೆ ಏಟು. ಗೆದ್ದರೆ, ಬಿದ್ದ ಆಯುಧವನ್ನು ಗೆದ್ದವನೇ ಎತ್ತಿ, ಧೂಳು ಒರೆಸಿ, ಹಿಡಿಯ ಕಡೆಯಿಂದ ಹಿಂದಕ್ಕೆ ಕೊಡಬೇಕು. ಸೋತವನು ತಲೆಬಾಗಿ ತೆಗೆದುಕೊಳ್ಳಬೇಕು. ಬೇಡವೆಂದರೆ ಅವನ ಕೈ ಮತ್ತೆಂದೂ ಆಯುಧ ಹಿಡಿಯದು. ಎತ್ತಿಕೊಡದವನಿಗೆ ಏನಾಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಅಂಥವನು ಅದುವರೆಗೆ ಹುಟ್ಟಿರಲಿಲ್ಲ.

ಬೂದಿಗಣ್ಣನೆಂಬ ಮಾಂತ್ರಿಕ ಊರವರನ್ನೆಲ್ಲ ಮಾತಾಡುವ ಮರದ ಕಾಯಿಗಳನ್ನಾಗಿ ಮಾಡಿ ಆ ಹಾಸಿನ ಮೇಲಿಟ್ಟಿದ್ದ. ಅಕ್ಕ ನಾಗಲವ್ವನನ್ನು ಬಿಡಿಸಲು ಕೆಂಚಬೀರ ಕತ್ತಿ ಹಿಡಿದು ಬಂದ.

ಮೊದಲು ಸಿಂಹಮುಖದ ಕಾವಲುಗಾರ ಅಡ್ಡ ನಿಂತ. “ಕಡಿಯೋದು ಯಾರಿಗೆ ಬರೋದಿಲ್ಲ? ನಾನು ಗದೆ ಬೀಳಿಸ್ತೀನಿ” ಎಂದು ಕೆಂಚಬೀರ ದಾಳ ಬಿಟ್ಟ. ಗದೆ ಉರುಳಿತು. ಅದನ್ನು ಕಾಲಲ್ಲಿ ಒದ್ದ. “ಹೋಗಯ್ಯಾ, ಹೆಂಡತಿ ಹತ್ರ ಒನಕೆ ಇಸ್ಕೊಂಡು ಬಾ.”

“ಎತ್ತಿಕೊಡೋ ತಮ್ಮಾ” ಎಂದಳು ನಾಗಲವ್ವ.

“ಮರದ ಕಾಯಿಗೆ ಯಾಕಕ್ಕಾ ಈ ಉಸಾಬರಿ?”

ಎರಡನೆಯದು ಸರಪಳಿ ಬೀಸುವ ಬಿಳಿ ಆನೆ. ಸರಪಳಿಯೂ ಬಿತ್ತು. ಅದನ್ನೂ ಒದ್ದ. ಆನೆ ತನ್ನ ಖಾಲಿ ಸೊಂಡಿಲು ನೋಡಿಕೊಂಡು ಅತ್ತಿತು.

ಮೂರನೆಯವನು ಬೂದಿಗಣ್ಣ. “ಬೆತ್ತ ಬೀಳಿಸ್ತೀನಿ” ಎಂದು ದಾಳ ಬಿಟ್ಟರೆ ಬೆತ್ತ ಅಲ್ಲಾಡಲಿಲ್ಲ, ಕೆಂಚಬೀರನ ಕತ್ತಿಯೇ ಜಾರಿ ಬಿತ್ತು. ಎತ್ತಲು ಹೋದರೆ ಬೆರಳು ಮಡಚಲಿಲ್ಲ.

“ನನ್ನ ಏಟು ಹೊತ್ತು ಮುಳುಗುವಾಗ. ಅಲ್ಲೀತನಕ ಊರೆಲ್ಲ ನಿನ್ನ ನೋಡ್ಲಿ” ಎಂದು ಬೂದಿಗಣ್ಣ ನಕ್ಕ.

ಊರೆಲ್ಲ ನೋಡಿತು. ಕೆಂಚಬೀರನ ಕಿವಿ ಕೆಂಡವಾಯಿತು. ಭೂಮಿ ಬಾಯಿ ಬಿಡಬಾರದೇ ಅನಿಸಿತು.

“ಅಕ್ಕಾ, ತಲೆ ಎತ್ತೋಕಾಗ್ತಿಲ್ಲ.”

“ಎತ್ತಬೇಡ. ಬಗ್ಗಿಸಿಕೊಂಡೇ ಹೋಗಿ ಕೊಟ್ಟು ಬಾ.”

ಅವನು ಮೊಣಕೈಗಳ ನಡುವೆ ಗದೆ ಎತ್ತಿದ, ತನ್ನ ರುಮಾಲಿಗೆ ಒರೆಸಿದ. “ನಾನು ಒದ್ದೆ” ಎಂದು ಹಿಡಿಯ ಕಡೆಯಿಂದ ಚಾಚಿದ. ಸಿಂಹಮುಖದವನು ತಲೆಬಾಗಿ ತೆಗೆದುಕೊಂಡ. ಆನೆಯೂ ಹಾಗೆಯೇ ತನ್ನ ಸರಪಳಿ ತೆಗೆದುಕೊಂಡಿತು. ಕೆಂಚಬೀರನ ಬೆರಳು ಮಡಚಿದವು. ಆದರೆ ಕತ್ತಿ ಮುಟ್ಟಲು ಅವನಿಗೆ ಮುಖವಿರಲಿಲ್ಲ.

ಹೊತ್ತು ಮುಳುಗಿತು. ಬೆತ್ತದ ಏಟಿಗೆ ಭುಜ ಸೀಳಿತು. ಕೆಂಚಬೀರ ಮೆಲ್ಲಗೆ, “ಬೆತ್ತ ಬೀಳಿಸುತ್ತೇನೆ” ಎಂದು ದಾಳ ಬಿಟ್ಟ, ಬರಿಗೈ ಚಾಚಿದ. ಬೆತ್ತ ಬಿತ್ತು. ಎತ್ತಿದ, ಒರೆಸಿದ, ಹಿಡಿಯ ಕಡೆಯಿಂದ ಕೊಟ್ಟ.

“ಹಳ್ಳಿ ಗಮಾರನಿಗೆ ನಾನು ತಲೆಬಾಗಲಾ? ಬೇಡ ಹೋಗು.”

ಬೇಡವೆಂದ ಕೈ ಅಲ್ಲಿಗೇ ಬತ್ತಿತು, ಬೆತ್ತ ಬೂದಿಯಾಯಿತು. ಕಾಯಿಗಳೆಲ್ಲ ಮನುಷ್ಯರಾಗಿ ಮೈ ಮುರಿದೆದ್ದರು. ಮನೆಮನೆಯಲ್ಲಿ ಒಲೆ ಹೊತ್ತಿತು, ಮುಂದೆಂದೂ ಆರಲಿಲ್ಲ.

ಕೆಂಚಬೀರ ಮಾತ್ರ ತಲೆ ತಗ್ಗಿಸಿ ನಿಂತೇ ಇದ್ದ. ಆಗ ಸಿಂಹಮುಖದವನು ಬಂದು, ಬಿದ್ದ ಕತ್ತಿ ಎತ್ತಿ, ಧೂಳು ಒರೆಸಿ, ಹಿಡಿಯ ಕಡೆಯಿಂದ ಚಾಚಿದ. ಕೆಂಚಬೀರ ತಲೆಬಾಗಿಯೇ ತೆಗೆದುಕೊಂಡ.

ಕೊನೆಗೆ ಅವನಿಗೆ ಕೊಟ್ಟದ್ದು ಅವನದೇ ಕತ್ತಿ.