ಸಿದ್ದರಾಮಪ್ಪನ ಹೆಸರಿಗೆ ಓಗೊಟ್ಟವನು

“ಹೆಸರು ಕರೆದರೆ ಓ ಅನ್ನಬೇಡಿ ಮಾರಾಯ್ರೆ. ಇಲ್ಲಿ ಕರೆಯುವುದು ಸತ್ತವರ ಹೆಸರು. ಸುಮ್ಮನೆ ಎದ್ದು ಕಿಟಕಿಗೆ ಹೋಗಿ,” ಎಂದ ಆರೋಗ್ಯ ಕಚೇರಿಯ ಜವಾನ ದೂಜ.

ಬಸವಂತಪ್ಪ ನಕ್ಕ. “ಓ ಅಂದ್ರ ಏನಾಕ್ಕೈತಿ? ನನ್ನೂ ಸತ್ತಾವ್ರ ರಿಜಿಸ್ಟರ್‌ದಾಗ ಬರಕೋತೀರೇನು?”

ದೂಜ ನಗದೆ ಹೊಸ್ತಿಲು ತೋರಿಸಿ ಹೇಳಿದ. ಗಂಡನ ಮರಣಪತ್ರದ ನಕಲಿಗಾಗಿ ಅಲೆದಲೆದು ಸೋತ ಹೆಂಗಸೊಬ್ಬಳಿಗೆ ಹಿಂದಿನ ಗುಮಾಸ್ತ, “ಸತ್ತವನೇ ಬಂದು ಕೇಳಲಿ, ಕೊಡ್ತೇನೆ,” ಅಂದಿದ್ದನಂತೆ. ಅವಳು ಮಸಣದ ಬೂದಿ, ಕೂದಲು, ಲಿಂಬೆಹಣ್ಣು ಗಂಟುಕಟ್ಟಿ ಈ ಹೊಸ್ತಿಲಡಿ ಹೂತು ಹೋದಳಂತೆ.

“ಅಂದಿನಿಂದ ಕರೆದರೆ ಸತ್ತವರೇ ಬರ್ತಾರೆ. ಬದುಕಿದವರು ಓ ಅಂದರೆ ಜಾಗ ಅದಲುಬದಲು.”

“ಮಾಟದ ಕತಿ ಸಾಕು. ನಕಲು ಯಾವಾಗ ಕೊಡ್ತೀರಿ, ಅದನ್ನ ಹೇಳ್ರಿ.”

ಅಣ್ಣ ಸಿದ್ದರಾಮಪ್ಪ ತೀರಿಕೊಂಡ ಸುದ್ದಿಗೆ ಧಾರವಾಡದಿಂದ ಮುಂಬಯಿಗೆ ಓಡಿಬಂದವನು ಬಸವಂತಪ್ಪ. ಗ್ರಾಂಟ್ ರೋಡಿನ ಚಾಳಿನ ಬಾಡಿಗೆ ಖೋಲಿ ಅಣ್ಣನ ಹೆಸರಿನಲ್ಲಿತ್ತು. ಇವತ್ತು ಸಂಜೆಯೊಳಗೆ ಮೊಹರು ಬಿದ್ದ ನಕಲು ತೋರಿಸದಿದ್ದರೆ ಮಾಲೀಕನು ಅಣ್ಣನ ಹೆಂಡತಿ ರಾಚವ್ವ ವೈನಿಯ ಪಾತ್ರೆಪಡಗಗಳನ್ನು ಬೀದಿಗೆ ಎಸೆಯುವವನಿದ್ದ. ಇಲ್ಲಿ ನೋಡಿದರೆ ಒಂದು ದಿನ ಸಾಹೇಬರಿಲ್ಲ, ಇನ್ನೊಂದು ದಿನ ಮೊಹರಿಲ್ಲ. ಎರಡೂ ಇದ್ದ ದಿನ, “ಉದ್ಯಾ ಯಾ,” ನಾಳೆ ಬಾ, ಎಂದು ಗುಮಾಸ್ತ ಚಹಾಕ್ಕೆ ಎದ್ದಿದ್ದ. ಅರ್ಜಿಯಲ್ಲಿ ತನ್ನದೇ ತಪ್ಪಿದೆಯೇನೋ ಎಂದು ಬಸವಂತಪ್ಪ ಅದನ್ನು ಎಷ್ಟು ಸಲ ಓದಿದ್ದನೋ.

ಹೊತ್ತು ಇಳಿಯಿತು. ಫಿನಾಯಿಲು, ಬೆವರು, ಮುಗ್ಗಿದ ಕಾಗದದ ವಾಸನೆ. ಕಿಟಕಿಗೆ ಒತ್ತಿ ನಿಂತ ಜನ. ಕಿಟಕಿ ಮುಚ್ಚುವ ಹಲಗೆ ಕಿರುಗುಡುತ್ತ ಇಳಿಯತೊಡಗಿತು.

“ಸಿದ್ದರಾಮಪ್ಪಾ!”

ಬಸವಂತಪ್ಪ ಎದ್ದ. ಜನ ಸರಿಯಲಿಲ್ಲ. ಹಲಗೆ ಇನ್ನೂ ಇಳಿಯಿತು. ಮತ್ತೆ ನಾಳೆ? ನಾಳೆ ವೈನಿ ಎಲ್ಲಿರುತ್ತಾಳೆ?

“ಓ!” ಎಂದು ಕಿರುಚಿದ. “ಓ, ಬಂದೆ!”

ಫಿನಾಯಿಲಿನ ವಾಸನೆ ತಟ್ಟನೆ ಅಡಗಿತು. ವಿಭೂತಿ. ಹಸಿ ಮಣ್ಣು. ಬಾಡಿದ ಚೆಂಡುಹೂವು. ಅಣ್ಣನನ್ನು ಮಣ್ಣು ಮಾಡಿದ ದಿನದ ವಾಸನೆ. ಭುಜವನ್ನು ತಣ್ಣಗೆ ಏನೋ ಸವರಿತು. ಯಾರೋ ಎಡಗಾಲು ಎಳೆಯುತ್ತ ಹೊಸ್ತಿಲು ದಾಟಿ ಹೊರಗೆ ಹೋದರು. ಅಣ್ಣ ಹಾಗೇ ನಡೆಯುತ್ತಿದ್ದ.

ನಕಲು ಕೈಗೆ ಬಂತು. ದೂಜ ಅವನ ಮುಖ ನೋಡಿ ಗೋಡೆಗೆ ಅಂಟಿಕೊಂಡ.

ಬಸವಂತಪ್ಪ ಓಡಿದ. ಎಡಗಾಲು ಯಾಕೋ ಏಳುತ್ತಿರಲಿಲ್ಲ. ಎಳೆದುಕೊಂಡೇ ಓಡಿದ. ಚಾಳಿನ ಮೆಟ್ಟಿಲು ಹತ್ತಿದ. ಕತ್ತಲ ಓಣಿ. ಖೋಲಿಯ ಬಾಗಿಲು ಮುಚ್ಚಿತ್ತು. ಒಳಗೆ ರೊಟ್ಟಿ ಬಡಿಯುವ ಸದ್ದು.

“ಬಸವಂತಾ, ಊಟಕ್ಕ ಬಾರಪಾ,” ಎಂದಳು ರಾಚವ್ವ.

“ಬಂದ್ನಿ ವೈನಿ.”

ಒಳಗಿಂದ ಬಂದ ಆ ದನಿ ಅವನದೇ.

ಬಾಗಿಲು ಬಡಿದ. ರೊಟ್ಟಿಯ ಸದ್ದು ನಿಂತಿತು.

“ಯಾರದು?”

ನಾನು ಬಸವಂತ ಎನ್ನಲು ಬಾಯಿ ತೆರೆದ. ಗಂಟಲಿನಿಂದ ಅಣ್ಣನ ಒರಟು ದನಿ ಹೊರಟಿತು. “ನಾ ಸಿದ್ದರಾಮ. ಬಾಗಲಾ ತಗಿ.”

ಒಳಗೆ ಹಿಟ್ಟಿನ ಪರಾತ ಬಿತ್ತು.

“ತಗೀಬ್ಯಾಡ್ರಿ ವೈನಿ,” ಎಂದಿತು ಒಳಗಿದ್ದ ಅವನದೇ ದನಿ. “ಸತ್ತಾವ್ರು ಹಿಂಗ ಕರೀತಾರ.”

ಕೆಳಗೆ ಅಂಗಳದಲ್ಲಿ ಮಾಲೀಕನ ದನಿ ಕೇಳಿಸಿತು. ಬರುತ್ತಿದ್ದಾನೆ. ಬಸವಂತಪ್ಪ ನಕಲನ್ನು ಬಾಗಿಲಡಿ ತಳ್ಳಿದ. ಒಳಗಿಂದ ಯಾರೋ ಅದನ್ನು ಎಳೆದುಕೊಂಡರು. ಚಿಲಕ ಬಿತ್ತು.

“ನಕಲು ಬಂತ್ರಿ ವೈನಿ. ಇನ್ನ ಖೋಲಿ ನಮ್ದ.”