ಒಂದೇ ದಿನದಲ್ಲಿ ಬಂದ ನಿರಾಕ್ಷೇಪಣಾ ಪತ್ರ

ನಿರಾಕ್ಷೇಪಣಾ ಪತ್ರ ಒಂದೇ ದಿನದಲ್ಲಿ ಕೈಸೇರಿತು. ಖುಷಿಪಡುವ ಬದಲು ದುರ್ಗಾಂಬಿಕಾಳಿಗೆ ಮೈಯೆಲ್ಲ ಉರಿಯಿತು.

ಪರಶುರಾಮನ ಕೈಗೆ ಹೋದ ಕಾಗದ ಒಂದೇ ದಿನದಲ್ಲಿ ಹೊರಬಂದದ್ದುಂಟೆ? ಜಿಲ್ಲಾ ಮಾನಸಿಕ ಆರೋಗ್ಯ ತಂಡದ ಕೇಸ್ ವರ್ಕರ್ ಅವನು, ಮನಃಶಾಸ್ತ್ರಜ್ಞೆ ಅವಳು. ತಂಡದ ಪತ್ರಗಳೆಲ್ಲ ಅವನ ಟೇಬಲ್ ದಾಟಿಯೇ ಹೋಗಬೇಕು. ಜಗಳೂರು ಆಸ್ಪತ್ರೆಯ ಕ್ಲಿನಿಕ್ ಬಾಗಿಲಿಗೊಂದು ಪರದೆ ಬೇಕೆಂದು ಅವಳು ಬರೆದುಕೊಟ್ಟ ಪತ್ರ ಏಳು ತಿಂಗಳಿಂದ ಅಲ್ಲೇ ಬೆಚ್ಚಗೆ ಮಲಗಿತ್ತು. ಕೇಳಿದರೆ, "ಮೂವ್ ಆಗ್ತೈತೆ ಮೇಡಂ" ಎಂದು ಕನ್ನಡಕದ ಮೇಲಿಂದ ನೋಡಿ ನಗುತ್ತಿದ್ದ. ಆ ನಗುವಿಗಾಗಿ ಅವಳು ಏಳು ತಿಂಗಳನ್ನೂ ಮಾಫಿ ಮಾಡಿದ್ದಳು.

ಎರಡು ವರ್ಷದ ಎಂ.ಫಿಲ್‌ಗೆ ಧಾರವಾಡಕ್ಕೆ ಹೋಗುತ್ತೇನೆಂದು ಅವಳು ಬೆಳಿಗ್ಗೆ ಕೊಟ್ಟ ಅರ್ಜಿಗೆ ಅಂಥವನು ಸಂಜೆಯೊಳಗೆ ಸಹಿ ಹಾಕಿಸಿ ತಂದಿದ್ದ. ಊಟ ಬಿಟ್ಟು ಸಾಹೇಬರ ಬಾಗಿಲಲ್ಲಿ ನಿಂತಿದ್ದನಂತೆ. ಜೀಪಿನ ಡ್ರೈವರ್ ಗೋಣೆಪ್ಪ ಅದನ್ನು ಹೊಗಳಿಕೆಯಂತೆ ಹೇಳಿದ.

ಊಟ ಬಿಟ್ಟು ಕಳಿಸುವಷ್ಟು ಅವಸರವೇ?

ನಾಲ್ಕು ವರ್ಷ ಒಂದೇ ಜೀಪಿನಲ್ಲಿ ಓಡಾಡಿದ್ದರು. ಒಂದು ವಾರ ಚನ್ನಗಿರಿ, ಒಂದು ವಾರ ಹೊನ್ನಾಳಿ, ಆಮೇಲೆ ನ್ಯಾಮತಿ, ಜಗಳೂರು. ಮುಂದಿನ ಸೀಟಿನಲ್ಲಿ ಅವನು, ಹಿಂದೆ ಅವಳು, ನಡುವೆ ಗೋಣೆಪ್ಪನ ಕನ್ನಡಿ. ಅದರಲ್ಲಿ ಅವನ ಕಣ್ಣು ಸಿಕ್ಕರೆ ಅವಳು ಕಿಟಕಿ ಕಡೆ ತಿರುಗುವಳು, ಮತ್ತೆ ನೋಡುವಳು. ಹೊನ್ನಾಳಿಯಲ್ಲಿ ಮಂಡಕ್ಕಿ ಕಟ್ಟಿಸಿದರೆ ಕಡಿಮೆ ಖಾರದ ಮಿರ್ಚಿ ಬಜ್ಜಿಯನ್ನು ಆರಿಸಿ ಅವಳ ಕಡೆ ಸರಿಸುತ್ತಿದ್ದ. ಬಾಯಿಬಿಟ್ಟು ಮಾತ್ರ ಒಂದು ಮಾತು ಹೇಳಿದವನಲ್ಲ.

ಈ ಮಂಗಳವಾರ ಜಗಳೂರು. ಜೀಪಿನಲ್ಲಿ ಅವಳು ಕನ್ನಡಿಯ ಕಡೆ ನೋಡಲೇ ಇಲ್ಲ.

ಕ್ಲಿನಿಕ್ಕಿಗೆ ಮೊದಲು ಬಂದವಳು ಭೀಮಕ್ಕ, ಜೊತೆಗೆ ಹದಿನೇಳರ ಮಗಳು ಚೈತ್ರಶ್ರೀ. ಅಂಗವಿಕಲರ ಪ್ರಮಾಣಪತ್ರಕ್ಕೆಂದು ಕಳಿಸಿದ್ದ ಮಗಳ ಬುದ್ಧಿಮಟ್ಟದ ವರದಿ ಎರಡನೇ ಸಲ ವಾಪಸ್ ಬಂದಿತ್ತು. 'ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟ್ ಸಹಿ ಇಲ್ಲ' ಎಂದು ಕೆಂಪು ಇಂಕಿನಲ್ಲಿ ಬರೆದಿದ್ದರು.

"ಮೂರು ದಿನ ಕುಂತು ಪರೀಕ್ಷೆ ಮಾಡಿದಾಕಿ ನೀನೇ ಅಲ್ಲೇನವ್ವ? ನಿನ್ ಸಹಿ ನಡೆಯಲ್ಲ ಅಂದ್ರೆ ಹೆಂಗೆ?"

"ನಂದು ಎಂ.ಎಸ್ಸಿ. ಭೀಮಕ್ಕ. ಈ ಕಾಗದಕ್ಕೆ ಸಹಿ ಹಾಕಾಕೆ ಎಂ.ಫಿಲ್ ಬೇಕು, ನೋಂದಣಿ ನಂಬರ್ ಬೇಕು."

"ಅದಿರೋರು ಎಲ್ಲವ್ರೆ?"

ಈ ಜಿಲ್ಲೆಯ ತಂಡದಲ್ಲಿ ಯಾರೂ ಇರಲಿಲ್ಲ. ಆರು ವರ್ಷದಿಂದ ಆ ಹುದ್ದೆ ಖಾಲಿ. ಅಷ್ಟು ಓದಿದವರು ಈ ಗುತ್ತಿಗೆ ಕೆಲಸಕ್ಕೆ ಬರುವುದಿಲ್ಲ. ಕೆಲಸ ಮಾಡುವ ಅವಳಿಗೆ ಸಹಿಯ ಹಕ್ಕಿಲ್ಲ. ಇಷ್ಟನ್ನು ಆ ತಾಯಿಗೆ ಹೇಳುವಾಗ ದುರ್ಗಾಂಬಿಕಾಳಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಚೈತ್ರಶ್ರೀ ಮತ್ತೆ ಆಟ ಶುರುವೆಂದುಕೊಂಡು ಮರದ ಬ್ಲಾಕುಗಳನ್ನು ಜೋಡಿಸುತ್ತ ಕೂತಿದ್ದಳು.

ಮೂಲೆಯಲ್ಲಿ ರಿಜಿಸ್ಟರ್ ಬರೆಯುತ್ತಿದ್ದ ಪರಶುರಾಮ್ ಹೇಳಿದ: "ಗುರುವಾರ ಶಿವಮೊಗ್ಗಕ್ಕೆ ಹೋಗಣ ಭೀಮಕ್ಕ. ಅಲ್ಲಿ ಸಹಿ ಹಾಕೋರು ಅವ್ರೆ. ನಾನೇ ಬರ್ತೀನಿ."

ತಾಯಿ ಮಗಳು ಹೊರಟದ್ದೇ ತಡ, ಅವಳು ಅವನ ಕಡೆ ತಿರುಗಿದಳು.

"ನಾನು ಹೋಗೋದು ನಿಮಗೆ ಅಷ್ಟು ಖುಷಿಯೇನ್ರೀ?"

"ಯಾಕ್ರೀ ಮೇಡಂ?"

"ಪರದೆಗೆ ಏಳು ತಿಂಗಳು. ನನ್ನ ಕಳಿಸಾಕೆ ಒಂದು ದಿನ! ಹೋದ್ರೆ ಗುತ್ತಿಗೆ ಮುಗೀತು. ವಾಪಸ್ ಇಲ್ಲೇ ಕೆಲಸ ಸಿಗ್ತೈತೆ ಅಂತ ಯಾರೂ ಬರೆದುಕೊಟ್ಟಿಲ್ಲ. ಗೊತ್ತೈತಾ ನಿಮಗೆ?"

ಅವನು ಪೆನ್ನಿನ ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ.

"ಗೊತ್ತೈತೆ. ಕೊನೇ ತಾರೀಖು ಶುಕ್ರವಾರ ಅಂತನೂ ಓದಿದ್ದೆ. ಅದು ದಾಟೋತನಕ ಇಟ್ಕೊಂಡಿದ್ರೆ ಸಾಕಿತ್ತು, ಸೀಟು ಹೋಗಿರೋದು. ಯಾರೂ ಕೇಳ್ತಿರಲಿಲ್ಲ, ನನ್ನ ಟೇಬಲ್ಲೇ ಹಂಗೆ."

"ಮತ್ತೆ?"

"ಒಂದು ರಾತ್ರಿ ನನ್ನ ಹತ್ರ ಇದ್ದಿದ್ರೂ ಇಟ್ಕೊಂಡ್ಬಿಡ್ತಿದ್ದೆ ಕಣ್ರಿ. ನನ್ನ ಮೇಲೆ ನನಗೇ ನಂಬಿಕೆ ಇರಲಿಲ್ಲ. ಅದಕ್ಕೇ ಊಟಕ್ಕೂ ಹೋಗಲಿಲ್ಲ."

ಮೊದಲ ಸಲ 'ಮೇಡಂ' ಬಿಟ್ಟಿದ್ದ. ಅವಳ ಸಿಟ್ಟು ಮಾತ್ರ ಇಳಿಯಲಿಲ್ಲ.

"ಇಷ್ಟು ಹೇಳಾಕೆ ನಾಲ್ಕು ವರ್ಷ ಬೇಕಿತ್ತಾ?"

"ಮೊದಲೇ ಹೇಳಿದ್ರೆ ಹೋಗ್ತಿದ್ರಾ?"

ಹೋಗುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಹೋಗದಿದ್ದರೆ ಭೀಮಕ್ಕನಂಥವರು ಕೆಂಪು ಇಂಕಿನ ಕಾಗದ ಹಿಡಿದು ಬರುತ್ತಲೇ ಇರುತ್ತಾರೆಂಬುದೂ ಗೊತ್ತಿತ್ತು.

ಅವಳು ಬಿಳಿಹಾಳೆಯೊಂದನ್ನು ಎಳೆದುಕೊಂಡು ಬರೆದಳು. 'ಪರಶುರಾಮ್ ಅವರಿಗೆ. ವಿಷಯ: ಎರಡು ವರ್ಷ ಕಾಯುವ ಬಗ್ಗೆ.' ಕೆಳಗೆ ಸಹಿ. ಈ ಕಾಗದಕ್ಕೆ ಆ ಸಹಿ ಸಾಕಿತ್ತು.

"ನಿಧಾನಕ್ಕೆ ನೋಡ್ರಿ. ಏಳು ತಿಂಗಳು ತಗೊಳ್ರಿ, ನಿಮ್ಮ ಪದ್ಧತಿ."

ಅವನು ಅಲ್ಲೇ 'ಒಪ್ಪಿದೆ' ಎಂದು ಬರೆದು, ಸಹಿ ಮಾಡಿ, ತಾರೀಖು ಹಾಕಿದ.

"ಇದನ್ನಾದ್ರೂ ಒಂದು ದಿನ ಇಟ್ಕೊಳ್ಳಬಾರದೇನ್ರೀ!" ನಗಲು ಹೋಗಿ ಅವಳಿಗೆ ಅಳು ಬಂತು. ಮೇಜಿನ ಮೇಲಿದ್ದ ಅವನ ಕೈ ಹಿಡಿದುಕೊಂಡಳು.

ಬಾಗಿಲಿಗೆ ಪರದೆ ಇರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತವರೆಲ್ಲ ನೋಡುತ್ತಿದ್ದರು. ನೋಡಲಿ, ಅದೂ ಅವನದೇ ತಪ್ಪು.