ಗೆರೆಯಿಲ್ಲದ ಕೆಂಪು

"ಮದುವೆ ಯಾವಾಗ?"

ತಲೆ ಎತ್ತದೆಯೇ ಕೇಳಿದ ಶೈಲೇಶ್. ಬೋಳಾರದ ಅವನ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಗೆ ಹೆಚ್ಚಿನವರು ಬರುವುದು ಮದುವೆ ಕಾರ್ಡಿಗೇ.

"ಯಾರದ್ದು?" ಎಂದಳು ಸಂಚಿತಾ.

"ನಿಮ್ಮದು. ಕಾರ್ಡಿಗೆ ಬಂದದ್ದಲ್ವಾ?"

"ಅಲ್ಲ ಮಾರಾಯ್ರೆ. ನೀವು ಶಾಯಿ ಎಳೆಯುವುದನ್ನು ನೋಡ್ಲಿಕ್ಕೆ ಬಂದದ್ದು."

ಆಗ ಅವನು ತಲೆ ಎತ್ತಿದ. ನಗಲಿಲ್ಲ.

ಸಂಚಿತಾ ಕಾಲೇಜಿನ ಲ್ಯಾಬಿನಲ್ಲಿ ಸೋಲಾರ್ ಸೆಲ್ ಮಾಡುವವಳು. ಅವಳ ಶಾಯಿಯಲ್ಲಿರುವುದು ಪೆರೊವ್‌ಸ್ಕೈಟ್ ಕ್ವಾಂಟಮ್ ಡಾಟ್‌ಗಳು, ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು. ಉಗುರಿನಷ್ಟು ಗಾಜಿನ ಮೇಲೆ ಹನಿ ಬಿಟ್ಟು ಗಿರ್ರನೆ ತಿರುಗಿಸಿದರೆ ಅವು ಸಮನಾಗಿ ಹರಡಿ, ಬಿಸಿಲನ್ನು ಕರೆಂಟ್ ಮಾಡುತ್ತಿದ್ದವು. ಆದರೆ ಉಗುರಿನಷ್ಟು ಸೆಲ್ ಕಟ್ಟಿಕೊಂಡು ಯಾರ ಮನೆಯ ದೀಪ ಉರಿಯುತ್ತದೆ? ಅಂಗೈಯಗಲದ ಗಾಜಿಗೆ, ಶೈಲೇಶ್ ಕಾರ್ಡಿಗೆ ಎಳೆಯುವ ಹಾಗೆ, ಶಾಯಿಯನ್ನು ಚಪ್ಪಟೆ ಪಟ್ಟಿಯಿಂದ ಎಳೆಯಬೇಕು. ಎಳೆದಾಗಲೆಲ್ಲ ಕಲೆ, ಬಿರುಕು. ಇನ್ನೆರಡು ವಾರಕ್ಕೆ ಕೆಲಸ ಪರೀಕ್ಷಿಸುವ ಸಮಿತಿ ಬರುವಾಗ ಒಂದೇ ಒಂದು ದೊಡ್ಡ ಫಿಲ್ಮ್ ಸರಿಯಾಗದಿದ್ದರೆ ಮೂರು ವರ್ಷದ ಕೆಲಸ ಅಲ್ಲಿಗೇ ನಿಲ್ಲುತ್ತದೆ ಎಂದು ಗೈಡ್ ಬೆನೆಡಿಕ್ಟ್ ಸರ್ ಹೇಳಿಯಾಗಿತ್ತು.

"ಮಣಿಕಟ್ಟಿನಿಂದ ಎಳೀಬೇಡಿ, ಭುಜದಿಂದ ಎಳೀರಿ," ಎಂದ ಶೈಲೇಶ್. "ಒಂದೇ ಉಸಿರಲ್ಲಿ."

ಮರುದಿನ ಮಧ್ಯಾಹ್ನ, ಅವಳು ಎಳೆಯುವುದನ್ನು ನೋಡಲು ಅವನೇ ಲ್ಯಾಬಿಗೆ ಬಂದ. ಈ ಊರಿನ ಗಾಳಿಯ ತೇವ ತಾಗಿದರೆ ಡಾಟ್‌ಗಳು ಕೆಡುತ್ತವೆ. ಹಾಗಾಗಿ ಕೆಲಸವೆಲ್ಲ ಒಣಗಾಳಿ ತುಂಬಿದ ಗಾಜಿನ ಪೆಟ್ಟಿಗೆಯೊಳಗೆ, ದಪ್ಪ ಕಪ್ಪು ಗ್ಲೌಸುಗಳಲ್ಲಿ ಕೈ ತೂರಿಸಿ. ಅವಳು ಈಚೆ, ಅವನು ಆಚೆ. ಗ್ಲೌಸಿನಲ್ಲಿ ಅವಳ ಕೈ ಏಡಿಯಂತೆ ಹೊರಳಾಡುವುದನ್ನು ಕಂಡು, ಅಂಗಡಿಯಲ್ಲಿ ನಗದವನು ಇಲ್ಲಿ ನಕ್ಕುಬಿಟ್ಟ. ಕಣ್ಣಿನಲ್ಲಿ ಹೊರಟು ತುಟಿಗೆ ನಿಧಾನವಾಗಿ ಬಂದ ನಗು.

ದಿನವೂ ಬಂದ. ಬಿರುಕು ಹೋಯಿತು, ಕಲೆ ಹೋಯಿತು.

"ಎಳೆದ ಮೇಲೆ ತೊಳೆಯುವುದು ಎಂತಕ್ಕೆ?" ಎಂದು ಒಮ್ಮೆ ಕೇಳಿದ.

"ಪ್ರತಿ ಡಾಟಿಗೂ ಎಣ್ಣೆಯ ಹಾಗಿನ ಹೊದಿಕೆ ಉಂಟು. ಅದು ಹೋದರೆ ಮಾತ್ರ ಒಂದರಿಂದ ಇನ್ನೊಂದಕ್ಕೆ ಕರೆಂಟ್ ದಾಟ್ತದೆ."

"ತೊಳೆಯದಿದ್ರೆ?"

"ಒತ್ತೊತ್ತಾಗಿಯೇ ಇರ್ತವೆ. ಏನೂ ದಾಟುವುದಿಲ್ಲ."

ಅವಳು ಮುಂದಿನ ಗಾಜನ್ನು ತೊಳೆಯಲು ಎತ್ತಿಕೊಂಡಳು.

ಒಂದು ದೋಷ ಮಾತ್ರ ಉಳಿಯಿತು. ಯುವಿ ಲ್ಯಾಂಪಿನಡಿ ಹಿಡಿದರೆ ಫಿಲ್ಮ್ ಕೆಂಪಗೆ ಬೆಳಗುತ್ತಿತ್ತು. ನಟ್ಟನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ. ಪ್ರತಿಯೊಂದರಲ್ಲೂ.

ಸಮಿತಿ ಬರುವ ವಾರದ ಸೋಮವಾರ ಶೈಲೇಶ್ ಆ ಗಾಜುಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದ.

"ಗೆರೆ ಬೀಳುವುದು ಕೈ ನಿಂತಲ್ಲಿ, ಸಂಚಿತಾ. ಎಳೆಯುವಾಗ ನಡುವೆ ಒಮ್ಮೆ ನೀವು ತಲೆ ಎತ್ತುತ್ತೀರಿ."

ಅವಳ ಕಿವಿ ಬಿಸಿಯಾಯಿತು. ತಲೆ ಎತ್ತಿದರೆ ಎದುರಿಗೆ ಏನಿರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

"ನಾನು ಎದುರು ನಿಲ್ಲುವುದೇ ತೊಂದರೆ," ಎಂದ. "ನಾಳೆಯಿಂದ ಬರುವುದಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ದಾರಿಯ ಕಲ್ಲೊಂದನ್ನು ಎತ್ತಿ ಬದಿಗಿಡುವ ಮೃದುತನವಿತ್ತು. ಅದೇ ಅವಳನ್ನು ಹೆಚ್ಚು ನೋಯಿಸಿತು.

ಮಂಗಳವಾರ ಒಬ್ಬಳೇ ಎಳೆದಳು. ಗೆರೆ. ಬುಧವಾರ ಎರಡು ಗೆರೆ.

ಗುರುವಾರ ಬೋಳಾರಕ್ಕೆ ಹೋಗಿ, ಡಬ್ಬಿಯೊಳಗಿನ ಆ ಗಾಜುಗಳನ್ನು ಅವನ ಮೇಜಿನ ಮೇಲಿಟ್ಟಳು.

"ನೀವಿಲ್ಲದಿದ್ರೂ ತಲೆ ಎತ್ತುತ್ತೇನೆ. ಬಂದ್ರಾ ಅಂತ."

ಒಣಗಲು ಇಟ್ಟ ಕಾರ್ಡುಗಳು ಫ್ಯಾನಿನ ಗಾಳಿಗೆ ಪಟಪಟನೆ ಅಲುಗಿದವು. ಅವನು ಕೈಯ ಶಾಯಿಯನ್ನು ಬಟ್ಟೆಗೆ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಹಾಗಾದ್ರೆ ನಾನು ಎಲ್ಲಿ ನಿಲ್ಲುವುದು?"

"ಎದುರು ಬೇಡ," ಎಂದಳು. "ಪಕ್ಕ ನಿಲ್ಲಿ."

ಶುಕ್ರವಾರ ಬೆಳಿಗ್ಗೆ ಪೆಟ್ಟಿಗೆಯ ಒಂದೇ ಬದಿಯಲ್ಲಿ ನಾಲ್ಕು ಕೈಗಳಿದ್ದವು. ಅವನು ಗಾಜು ಹಿಡಿದ, ಅವಳು ಪಟ್ಟಿ ಹಿಡಿದಳು. ಅವನ ಭುಜ ಅವಳ ಭುಜಕ್ಕೆ ತಾಗಿತ್ತು; ಕಣ್ಣಿಗೆ ಹುಡುಕುವ ಕೆಲಸವೇ ಇರಲಿಲ್ಲ. ಒಂದೇ ಉಸಿರಲ್ಲಿ ಎಳೆದಳು. ತೊಳೆದಳು. ಮತ್ತೊಂದು ಪದರ, ಮತ್ತೆ ತೊಳೆತ. ಕೊನೆಯ ಪದರವಾದ ಮೇಲೆ ದಪ್ಪ ರಬ್ಬರಿನೊಳಗಿಂದಲೇ ಅವನ ಕೈ ಅವಳ ಕೈಯ ಮೇಲೆ ಕೂತಿತು, ಏಳಲಿಲ್ಲ.

ಲ್ಯಾಂಪ್ ಹಾಕಿದಾಗ ಅಂಚಿನಿಂದ ಅಂಚಿಗೆ ಕೆಂಪು. ಮಧ್ಯದಲ್ಲಿ ಏನೂ ಇಲ್ಲ.

ಮಧ್ಯಾಹ್ನ ಸಮಿತಿಯ ಎದುರು, ಸೆಲ್ ಆಗಿ ಸಜ್ಜಾದ ಅದೇ ಗಾಜಿನ ಮೇಲೆ ಬಿಸಿಲಿನಂಥ ಬೆಳಕು ಬಿತ್ತು. ಮೀಟರಿನ ಅಂಕಿ ಏರಿತು, ಏರಿ ನಿಂತಿತು. ಬಿಸಿಲನ್ನು ಕರೆಂಟ್ ಮಾಡುವ ಪ್ರಮಾಣ ಉಗುರಿನಷ್ಟು ಸೆಲ್ಲಿಗಿಂತ ಕೂದಲೆಳೆಯಷ್ಟೇ ಕಡಿಮೆ.

"ಇನ್ನೂ ದೊಡ್ಡದು ಮಾಡಬಹುದೇ?" ಎಂದು ಹಿರಿಯರೊಬ್ಬರು ಕೇಳಿದರು.

"ಮಾಡ್ತೇವೆ," ಎಂದಳು ಸಂಚಿತಾ. ಮೂರು ವರ್ಷ 'ಮಾಡ್ತೇನೆ' ಎಂದೇ ಹೇಳಿಕೊಂಡು ಬಂದವಳು.

ಎಣಿಸಿ ಮಾತಾಡುವ ಬೆನೆಡಿಕ್ಟ್ ಸರ್ ಕಾರಿಡಾರಿನಲ್ಲೇ ಚಪ್ಪಾಳೆ ಹೊಡೆದರು. "ಗೆದ್ದೆ ಮಾರಾಯ್ತಿ!"

ಎಲ್ಲರೂ ಹೋದ ಮೇಲೆ ಶೈಲೇಶ್ ಕೆಟ್ಟ ಗಾಜುಗಳನ್ನು ಎಸೆಯಲು ಡಬ್ಬಿಗೆ ತುಂಬುತ್ತಿದ್ದ. ಅವಳು ಮೊದಲ ದಿನದ್ದೊಂದನ್ನು ಹೆಕ್ಕಿ ತೆಗೆದುಕೊಂಡಳು.

"ಅದು ಹಾಳಾದದ್ದಲ್ವಾ?"

"ಅಲ್ಲ." ಅವಳು ಗೆರೆಯತ್ತ ಬೆರಳು ತೋರಿಸಿದಳು. "ಇಲ್ಲಿ ನೀವು ಮೊದಲ ಸಲ ನಕ್ಕದ್ದು."

ಅವನು ಆ ಗೆರೆಯನ್ನು ತುಂಬ ಹೊತ್ತು ನೋಡಿದ.

"ಮದುವೆ ಯಾವಾಗ?" ಎಂದ. ಈ ಸಲ ತಲೆ ಎತ್ತಿ ಕೇಳಿದ.

"ಕಾರ್ಡಿನ ಶಾಯಿ ನಾನೇ ಎಳೆಯುವುದು," ಎಂದಳು ಸಂಚಿತಾ. "ಗೆರೆ ಬಿದ್ರೆ ಬೀಳ್ಲಿ."